ಹತ್ತು ಸಾವಿರದ ಪುಟ್ಟ ಕಾರು

ವಿಡಿಯೋ ಆಟದ ಕಾರು ಪಂದ್ಯವೆಂದರೆ ಕೂತ ಗಳಿಗೆಯಿಂದಲೇ ಗಾಳಿವೇಗ ಎಂದು ನೀವು ಭಾವಿಸಿದ್ದರೆ ಅದಕ್ಕೆ ಕಾರಣವಿದೆ. ಜಪಾನಿನ ಸೇಗಾ ಕಂಪನಿ 1986ರಲ್ಲಿ ಹೊರತಂದ ‘ಔಟ್ ರನ್’ ಆಟದಲ್ಲಿ ನಾಣ್ಯ ಹಾಕಿದವರಿಗೆಲ್ಲ ಫೆರಾರಿಯನ್ನು ಹೋಲುವ ಕೆಂಪು ಕಾರೇ ಸಿಗುತ್ತಿತ್ತು. ಆಟ ಮುಗಿದರೆ ಕಾರಿನ ಋಣವೂ ಮುಗಿಯಿತು. ಗೆದ್ದ ಹಣದಿಂದ ವಾಹನವನ್ನು ಬಲಪಡಿಸಿಕೊಳ್ಳುವ ಕ್ರಮ 1989ರ ‘ಸೂಪರ್ ಆಫ್ ರೋಡ್’ನಲ್ಲಿಯೇ ಇತ್ತು, ನಿಜ. ಆದರೆ ಅಲ್ಲಿ ಓಡುತ್ತಿದ್ದುದು ಮಣ್ಣುಹಾದಿಯ ಆಟಿಕೆಯಂಥ ಟ್ರಕ್ಕುಗಳು.

1997ರ ಡಿಸೆಂಬರಿನಲ್ಲಿ ಸೋನಿಯ ಪ್ಲೇಸ್ಟೇಷನ್ನಿಗಾಗಿ ಜಪಾನಿನಲ್ಲಿ ‘ಗ್ರ್ಯಾನ್ ಟೂರಿಸ್ಮೊ’ ಬಂದಿತು. ಕಜುನೊರಿ ಯಮೌಚಿ ಮತ್ತು ಅವರ ಸಣ್ಣ ತಂಡದ ಐದು ವರ್ಷಗಳ ದುಡಿಮೆ ಅದು. ಇಲ್ಲಿ ನಿಮ್ಮ ಕೈಗೆ ಬರುವುದು ಕಾರಲ್ಲ, 10,000 ಕ್ರೆಡಿಟ್ ಹಣ. ಅಷ್ಟರಲ್ಲಿ ಕನಸಿನ ಕಾರು ದೂರದ ಮಾತು. ಬೀದಿಯಲ್ಲಿ ನಿತ್ಯ ಕಾಣುವ ಹೊಂಡಾ ಸಿವಿಕ್‌ನಂಥ ಪುಟ್ಟ ಹ್ಯಾಚ್‌ಬ್ಯಾಕನ್ನೋ ಮತ್ತೊಂದು ಹಳೆಯ ಕಾರನ್ನೋ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಹುಡುಕಬೇಕು. ದೊಡ್ಡ ಪಂದ್ಯಗಳಿಗೆ ಲೈಸೆನ್ಸ್ ಪರೀಕ್ಷೆಯೂ ಉಂಟು!

ಅನಂತರ ಶುರುವಾಗುವುದು ಗ್ಯಾರೇಜಿನ ಲೆಕ್ಕಾಚಾರ. ಮೊದಲು ಗೆದ್ದ ಅಲ್ಪ ಹಣದಲ್ಲಿ ಏನು ಕೊಳ್ಳುವುದು? ಸೈಲೆನ್ಸರ್ ಬದಲಿಸಿದರೆ ತುಸು ಶಕ್ತಿ, ಟರ್ಬೊ ಕೂರಿಸಿದರೆ ಬಹಳ ಶಕ್ತಿ. ಎಳೆಯರು ಸಹಜವಾಗಿ ಟರ್ಬೊ ಕಡೆಗೇ ಕೈ ಚಾಚುತ್ತಾರೆ. ಎಡವಟ್ಟಾಗುವುದು ಮೊದಲ ತಿರುವಿನಲ್ಲಿ. ಸಿವಿಕ್‌ನಂಥ ಕಾರಿನಲ್ಲಿ ವಾಹನವನ್ನು ಎಳೆಯುವುದೂ ಮುಂದಿನ ಗಾಲಿಗಳೇ, ತಿರುಗಿಸುವುದೂ ಅವೇ. ಒಂದೇ ಜೋಡಿ ಎತ್ತಿಗೆ ಎರಡು ನೊಗ ಹೂಡಿದಂತೆ. ಶಕ್ತಿ ಮಿತಿಮೀರಿದಾಗ ಟೈರಿನ ಹಿಡಿತ ಸಾಲದೆ ಕಾರು ತಿರುವಿನ ಹೊರಗೆ ಜಾರುತ್ತದೆ. ಒಳ್ಳೆಯ ಟೈರು, ಬಿಗಿಯಾದ ಸಸ್ಪೆನ್ಷನ್, ಹಗುರಗೊಳಿಸಿದ ಮೈ ಇವುಗಳಿಗೆ ಮೊದಲು ಖರ್ಚು ಮಾಡಿದವರು ಕಡಿಮೆ ಅಶ್ವಶಕ್ತಿಯಲ್ಲೂ ಮುಂದೆ ಹೋಗುತ್ತಿದ್ದರು. ತೂಕ ಇಳಿದರೆ ವೇಗ ಹಿಡಿಯುವುದು, ಬ್ರೇಕ್ ಹಾಕುವುದು, ತಿರುಗುವುದು ಮೂರೂ ಸುಲಭವಷ್ಟೆ. ಮೋಟಾರು ಮೆಕ್ಯಾನಿಕ್ಕುಗಳಿಗೆ ತಿಳಿದಿದ್ದ ಈ ಸಂಗತಿ, ಕಾರಿನ ಬಾನೆಟ್ಟನ್ನೇ ಎತ್ತಿ ನೋಡದ ಲಕ್ಷಾಂತರ ಹುಡುಗರಿಗೆ ಪರದೆಯ ಮೇಲೆ ತಿಳಿಯಿತು.

ಆಟದಲ್ಲಿ ಒಂದು ದೊಡ್ಡ ಸುಳ್ಳೂ ಇತ್ತೆನ್ನಿ. ಗೋಡೆಗೆ ಗುದ್ದಿದರೂ ಕಾರಿಗೆ ಗಾಯವಿಲ್ಲ, ರಿಪೇರಿಯ ಬಿಲ್ಲಿಲ್ಲ. ಗೋಡೆಗೆ ಒರಗಿಕೊಂಡೇ ತಿರುವು ದಾಟುವ ಚಾಳಿ ಹುಟ್ಟಿದ್ದು ಹೀಗೆ.

ಆದರೂ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಮಾರ್ಪಡಿಸಿದ ಕಾರು ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಗೆಳೆಯನ ಮನೆಗೆ ಹೋಗಬಹುದಿತ್ತು. ಮುಂದಿನ ಗಾಲಿಯ ಕಾರುಗಳಿಗೆಂದೇ ಬೇರೆ ಪಂದ್ಯವೊಂದನ್ನೂ ಯಮೌಚಿಯ ತಂಡ ಇಟ್ಟಿತ್ತು. ಗ್ಯಾರೇಜಿನಲ್ಲಿ ಎಂಥ ಭಾರಿ ಕಾರು ಬಂದು ನಿಂತಿದ್ದರೂ ಆ ದಿನ ಹಳೆಯ ಸಿವಿಕನ್ನೇ ಹೊರಗೆ ತೆಗೆಯುತ್ತಿದ್ದವರು ಹಲವರು.