ಋತುಚಕ್ರ ಮತ್ತು ಆಹಾರ

ಋತುಸ್ರಾವದ ಮೊದಲ ದಿನದಿಂದ ಮುಂದಿನ ಸ್ರಾವವು ಆರಂಭವಾಗುವವರೆಗಿನ ಅವಧಿಯನ್ನು ಋತುಚಕ್ರ ಎನ್ನುತ್ತಾರೆ. ವಯಸ್ಕ ಸ್ತ್ರೀಯರಲ್ಲಿ ಇದು ಸಾಮಾನ್ಯವಾಗಿ 21ರಿಂದ 35 ದಿನಗಳಷ್ಟಿರುತ್ತದೆ. ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ ಇನ್ನೂ ದೀರ್ಘವಾಗಿರಬಹುದು. ಹಾರ್ಮೋನುಗಳ ಏರಿಳಿತದೊಂದಿಗೆ ಹಸಿವೂ ಬಾಯಿರುಚಿಯೂ ಬದಲಾಗುತ್ತವೆ. ಆದರೆ ಪೋಷಣೆಯ ದೃಷ್ಟಿಯಿಂದ ಪ್ರಧಾನವಾದುದು, ರಕ್ತದೊಡನೆ ನಷ್ಟವಾಗುವ ಕಬ್ಬಿಣಾಂಶವನ್ನು ತಿಂಗಳುದ್ದಕ್ಕೂ ಮರಳಿ ತುಂಬಿಕೊಳ್ಳುವುದು.

ಕಬ್ಬಿಣಾಂಶದ ನಷ್ಟ

ಒಂದು ಋತುಸ್ರಾವದಲ್ಲಿ ಸರಾಸರಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ ಕಬ್ಬಿಣವಿರುವುದರಿಂದ, ತಿಂಗಳಿಗೆ 15ರಿಂದ 20 ಮಿಲಿಗ್ರಾಂ ನಷ್ಟವಾದಂತಾಯಿತು. ಇದು ಅಲ್ಪವೆಂದು ತೋರಬಹುದು. ಆದರೆ ಸಸ್ಯಾಹಾರದಲ್ಲಿರುವ ಕಬ್ಬಿಣದ ಸಣ್ಣ ಭಾಗವನ್ನಷ್ಟೇ ದೇಹವು ಹೀರಿಕೊಳ್ಳುತ್ತದೆ. ಆದಕಾರಣ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಲ್ಲಿ ವಯಸ್ಕ ಪುರುಷರಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣವನ್ನು ಸೂಚಿಸಿದ್ದರೆ, ಸ್ತ್ರೀಯರಿಗೆ 29 ಮಿಲಿಗ್ರಾಂ ಸೂಚಿಸಲಾಗಿದೆ. ಅಂದರೆ ಊಟದ ಪ್ರಮಾಣ ಕಡಿಮೆಯಿರುವವರಿಗೇ ಕಬ್ಬಿಣದ ಅಗತ್ಯ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯುಳ್ಳವರು. ಇದಕ್ಕೆ ಋತುಸ್ರಾವವೊಂದೇ ಕಾರಣವಲ್ಲ. ಮನೆಮಂದಿಯೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ರೂಢಿಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಪಯುಕ್ತ ಆಹಾರಗಳು

ಸೊಪ್ಪು, ಹುರುಳಿ, ಅಲಸಂದೆ, ಕಡಲೆ, ರಾಗಿ, ಎಳ್ಳು ಇವು ಕನ್ನಡನಾಡಿನ ಅಡುಗೆಮನೆಯಲ್ಲಿ ಸುಲಭವಾಗಿ ದೊರೆಯುವ ಕಬ್ಬಿಣದ ಮೂಲಗಳು. ಮಾಂಸ, ಮೀನು ಹಾಗೂ ಪಿತ್ತಜನಕಾಂಗದಲ್ಲಿರುವ ಕಬ್ಬಿಣ ಇನ್ನೂ ಚೆನ್ನಾಗಿ ಹೀರಲ್ಪಡುತ್ತದೆ. ಏನನ್ನು ತಿನ್ನುತ್ತೇವೆ ಎಂಬಷ್ಟೇ, ಯಾವುದರೊಡನೆ ತಿನ್ನುತ್ತೇವೆ ಎಂಬುದೂ ಮುಖ್ಯ. ಮಸ್ಸೊಪ್ಪಿಗೆ ನಿಂಬೆರಸ ಹಿಂಡಿಕೊಂಡರೆ, ಅಥವಾ ಊಟದ ಜೊತೆ ಹಸಿ ನೆಲ್ಲಿಕಾಯಿ, ಸೀಬೆಹಣ್ಣು ತಿಂದರೆ, ಅವುಗಳಲ್ಲಿರುವ ಸಿ ಜೀವಸತ್ವವು ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟವಾದ ಕೂಡಲೇ ಕುಡಿಯುವ ಕಾಫಿ, ಚಹಾ ಅದನ್ನು ತಗ್ಗಿಸುತ್ತವೆ. ಒಂದು ಗಂಟೆ ಬಿಟ್ಟು ಕುಡಿಯುವುದು ಒಳ್ಳೆಯದು. ಧಾನ್ಯ, ಕಾಳುಗಳನ್ನು ಮೊಳಕೆ ಬರಿಸಿದರೆ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಬೆಲ್ಲಕ್ಕೆ ಜನ ಕೊಡುವ ಕೀರ್ತಿ ಅದರ ಯೋಗ್ಯತೆಗಿಂತ ದೊಡ್ಡದು: ಒಂದು ಸಣ್ಣ ತುಂಡಿನಿಂದ ದೊರೆಯುವ ಕಬ್ಬಿಣ ತೀರಾ ಅಲ್ಪ.

ಮುಟ್ಟಿಗೆ ಮುಂಚಿನ ದಿನಗಳು

ಅಂಡೋತ್ಸರ್ಗದ ನಂತರ ಹಲವರಿಗೆ ಹಸಿವು ಹೆಚ್ಚುತ್ತದೆ. ಇದು ಸಹಜ, ಚಪಲವಲ್ಲ. ಮೈಬಾವು, ಸಿಡುಕು ಮುಂತಾದ ತೊಂದರೆಗಳು ಕ್ಯಾಲ್ಸಿಯಂ ಸೇವನೆಯಿಂದ ತಗ್ಗಬಹುದೆಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹಾಲು, ಮೊಸರು, ರಾಗಿ ಇದರ ಉತ್ತಮ ಮೂಲಗಳು. ಚಕ್ರದ ಒಂದೊಂದು ಹಂತಕ್ಕೆ ಒಂದೊಂದು ಬಗೆಯ ಬೀಜ ತಿನ್ನಬೇಕೆಂಬ ಈಚಿನ ಪ್ರಚಾರಕ್ಕೆ ದೃಢವಾದ ಆಧಾರವಿಲ್ಲ.

ರೂಢಿಗಳು

ಮೈನೆರೆದ ಹುಡುಗಿಗೆ ಎಳ್ಳು, ಬೆಲ್ಲ ಕುಟ್ಟಿದ ಚಿಗಳಿ ಉಂಡೆಯನ್ನೂ ಕೊಬ್ಬರಿಯನ್ನೂ ತಿನ್ನಿಸುವ ಸಂಪ್ರದಾಯ ಕರ್ನಾಟಕದ ಹಲವೆಡೆ ಇದೆ. ಇದು ವಿವೇಕದ ರೂಢಿ. ಆದರೆ ಆ ಉಪಚಾರ ಆರತಿಯ ದಿನಗಳಿಗಷ್ಟೇ ಸೀಮಿತವಾಗಿ, ಮುಂದಿನ ಮೂವತ್ತು ನಲವತ್ತು ವರ್ಷಗಳ ಮುಟ್ಟಿನ ದಿನಗಳಲ್ಲಿ ಮೊಸರು ಬೇಡ, ಪರಂಗಿ ಉಷ್ಣ, ಹುಳಿ ಕೂಡದು ಎಂಬ ನಿಷೇಧಗಳೇ ಉಳಿದುಕೊಳ್ಳುವುದು ಖೇದಕರ. ಇವನ್ನು ಆ ದಿನಗಳಲ್ಲಿ ತಿಂದರೆ ಆರೋಗ್ಯವಂತರಿಗೆ ಹಾನಿಯಿಲ್ಲ. ಶೌಚಾಲಯದ ಅನುಕೂಲವಿಲ್ಲವೆಂದು ಶಾಲಾ ಬಾಲಕಿಯರು ಬೆಳಗಿನಿಂದ ನೀರನ್ನೇ ಕುಡಿಯದೆ, ತಿಂಡಿಯನ್ನೂ ಬಿಟ್ಟು ತರಗತಿಯಲ್ಲಿ ತಲೆಸುತ್ತಿ ಕೂರುವುದು ಶಿಕ್ಷಕರಿಗೆ ಅಪರಿಚಿತ ದೃಶ್ಯವಲ್ಲ.

ವೈದ್ಯಕೀಯ ಸಲಹೆ

ಸ್ರಾವವು ಏಳು ದಿನ ಮೀರಿದರೆ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗಿ ಬಂದರೆ, ಅಥವಾ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ಆಹಾರವೊಂದೇ ಸಾಲದು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಹದಿಹರೆಯದವರಿಗೆ ಸರ್ಕಾರಿ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಇದನ್ನು ಊಟದ ನಂತರ ನುಂಗಿದರೆ ಹೊಟ್ಟೆತೊಳಸು ಕಡಿಮೆ. ಮಲವು ಕಪ್ಪಾಗುವುದನ್ನು ಕಂಡು ಹೆದರಿ ಮಾತ್ರೆಯನ್ನು ಬಿಡುವವರಿದ್ದಾರೆ. ಹೀರಲ್ಪಡದೆ ಉಳಿದ ಕಬ್ಬಿಣದಿಂದ ಬರುವ ಆ ಬಣ್ಣ ನಿರಪಾಯಕಾರಿ.