‘ನಾನು’ ಹೇಳಿದ್ದೆಲ್ಲ ನಿಜವೇ?

‘ನಾನು ಕಂಡೆ’ ಎಂದು ಶುರುವಾಗುವ ಕತೆಯನ್ನು ನಾವು ಬೇಗ ನಂಬಿಬಿಡುತ್ತೇವೆ. ಹೇಳುವವನನ್ನೇ ಪೂರ್ತಿ ನಂಬುವಂತಿಲ್ಲದಿದ್ದರೆ? ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಅಂಥವನನ್ನು ‘ನಂಬಲಾಗದ ನಿರೂಪಕ’ ಎಂದು ಕರೆದರು. ಆದರೆ ಅಂಥ ನಿರೂಪಕರು ಅದಕ್ಕೆ ಎಷ್ಟೋ ಮೊದಲೇ ಕನ್ನಡಕ್ಕೆ ಬಂದಿದ್ದರು.

ಮಾಸ್ತಿಯವರ ‘ರಂಗನ ಮದುವೆ’ಯಲ್ಲಿ ಕತೆ ಹೇಳುವ ಶ್ಯಾಮನೇ ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಭವಿಷ್ಯ ನುಡಿಸುತ್ತಾನೆ. ಆ ತಂತ್ರವನ್ನು ನಮಗೂ ಬಿಚ್ಚಿ ಹೇಳುವುದರಿಂದ ನಾವು ನಗುತ್ತೇವೆ. ರತ್ನಳ ಮನಸ್ಸಿನಲ್ಲಿ ಏನಿತ್ತೆಂದು ಕೇಳಲು ಮರೆಯುತ್ತೇವೆ.

ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ (1963) ಹೇಳುವವನು ಬಾಲಕ. ಅವನು ಸುಳ್ಳಾಡುವುದಿಲ್ಲ, ಆದರೆ ಕಂಡದ್ದು ಅವನಿಗೆ ಅರ್ಥವಾಗುವುದಿಲ್ಲ. ವಿಧವೆ ಯಮುನಕ್ಕನ ಸಂಕಟವನ್ನು ಓದುಗರೇ ಊಹಿಸಿಕೊಳ್ಳಬೇಕು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಬೆಂಗಳೂರಿನ ಕತೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ಹಣದಲ್ಲಿ ಬದುಕುವ ಯುವಕ ಅದನ್ನು ಹೇಳುತ್ತಾನೆ. ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟಿದಾಗ ಅವನು ಸುಮ್ಮನಿರುತ್ತಾನೆ. ಎದುರಾಡುವವಳು ಹೆಂಡತಿ ಅನಿತಾ. ಕೊನೆಗೆ ಅವಳು ಊರಿಂದ ಹಿಂತಿರುಗುವಳೇ ಎಂಬಲ್ಲಿ, ಅವನು ಹೇಳದೆ ಬಿಟ್ಟದ್ದೇ ನಮ್ಮನ್ನು ಹೆದರಿಸುತ್ತದೆ.

ವರ್ನಿಯರ್ ಕ್ಯಾಲಿಪರ್‌ನಲ್ಲಿ ಶೂನ್ಯ ದೋಷವಿದೆಯೆಂದು ನೀವು ಅದನ್ನು ಎಸೆಯುವುದಿಲ್ಲ; ದೋಷವೆಷ್ಟೆಂದು ನೋಡಿ ಲೆಕ್ಕ ತಿದ್ದುತ್ತೀರಿ. ನಿರೂಪಕನನ್ನೂ ಹಾಗೆಯೇ ಓದಿ. ಇವನಿಗೆ ಏನು ತಿಳಿಯದು? ಏನು ಲಾಭ? ಯಾರ ಮಾತು ನಮಗೆ ಕೇಳಿಸಲಿಲ್ಲ? ಈ ಮೂರೂ ಕತೆಗಳಲ್ಲಿ ಹೆಣ್ಣಿನ ಮನಸ್ಸು ನಮಗೆ ದೊರೆಯುವುದು ಒಬ್ಬ ಗಂಡಿನ ‘ನಾನು’ ಬಿಟ್ಟುಕೊಟ್ಟಷ್ಟೇ. ಉಳಿದದ್ದನ್ನು ಹುಡುಕುವ ಕೆಲಸ ನಿಮ್ಮದು.