ಅಪ್ಪನ ಚೇತಕ್ಕಿನ ಹದಿನಾಲ್ಕು ತೂತು

ನಮ್ಮೂರು ದೇಗಾಂವ, ಕಿತ್ತೂರಿನ ಹತ್ತಿರ. ಇಲ್ಲಿ ಯಾರನ್ನಾದ್ರೂ ನಿಲ್ಲಿಸಿ ಇತಿಹಾಸ ಅಂದ್ರೆ ಸಾಕು, ಕಮಲನಾರಾಯಣ ಗುಡಿಯ ಕಡೆ ಕೈ ತೋರಿಸ್ತಾರೆ. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಕಟ್ಟಿದ ಶಿಲ್ಪಿ ತಿಪ್ಪೋಜನ ಹೆಸರೂ ಉಳಿದಿದೆ. ನಾನು ಈಗ ಹೇಳಹೊರಟಿರೋದು ಅದೇ ಊರಿನ ಇನ್ನೊಂದು ಹಳೇ ವಸ್ತುವಿನ ಇತಿಹಾಸ: ನಮ್ಮಪ್ಪನ 1987ರ ಬಜಾಜ್ ಚೇತಕ್.

ಬಣ್ಣ ಹೊಡಿಸೋಣ ಅಂತ ಹೋದ ವರ್ಷ ಅದನ್ನ ತೊಳೆದಾಗ ತೂತು ಎಣಿಸಿದೆ. ಹದಿನಾಲ್ಕು. ಮುಂದಿನ ತಗಡಿನಲ್ಲಿ ಬುಟ್ಟಿ ಕೂರಿಸಲು ಕೊರೆದದ್ದು ನಾಲ್ಕು. ಹಿಂದೆ ಎರಡೂ ಬದಿಗೆ ಹಾಲಿನ ಕ್ಯಾನ್ ತೂಗುಹಾಕುವ ಕೊಕ್ಕೆಗಳಿಗೆ ಆರು. ಕಾಲಿಡೋ ಜಾಗದಲ್ಲಿ ನನ್ನ ಪುಟ್ಟ ಸೀಟಿಗೆ ಎರಡು. ಅಲ್ಲೇ ಪಕ್ಕದಲ್ಲಿ ತುಕ್ಕು ತಿಂದು ಆದದ್ದು ಎರಡು.

ಆಗಿನ ಕಾಲಕ್ಕೆ ಇದೇನೂ ವಿಶೇಷ ಅಲ್ಲ. ಬಜಾಜ್ ಕಂಪನಿ 1960ರ ದಶಕದಲ್ಲಿ ಇಟಲಿಯ ಪಿಯಾಜಿಯೊ ಪರವಾನಗಿ ಪಡೆದು ವೆಸ್ಪಾ ಮಾಡ್ತಿತ್ತು. ಆ ಒಪ್ಪಂದ ಮುಗಿದ ಮೇಲೆ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ತಂತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಸಿಕ್ಕ ಒಂದೇ ಗಾಡಿ ಸಂಸಾರಕ್ಕೂ ಆಗಬೇಕು, ದುಡಿಮೆಗೂ ಆಗಬೇಕು. ಅದಕ್ಕೇ ಬೇಕಾದಲ್ಲಿ ಡ್ರಿಲ್ ಹೊಡೆದು ಬೇಕಾದ್ದನ್ನ ಬಿಗಿದರು.

ಆದ್ರೆ ಈ ಸ್ಕೂಟರಿಗೆ ತೂತು ಹೊಡೆಯೋದು ಬುಲೆಟ್ಟಿನ ಮಡ್‌ಗಾರ್ಡಿಗೆ ಹೊಡೆದಂಗಲ್ಲ. ವೆಸ್ಪಾ ರೂಪಿಸಿದ ಕೊರಾಡಿನೊ ದಸ್ಕಾನಿಯೊ ವಿಮಾನದ ಎಂಜಿನಿಯರ್. ಪಿಯಾಜಿಯೊ ಆಗ ವಿಮಾನ ಮಾಡುತ್ತಿದ್ದ ಕಂಪನಿ, ಯುದ್ಧದಲ್ಲಿ ಅದರ ಕಾರ್ಖಾನೆ ಬಾಂಬಿಗೆ ಸಿಕ್ಕಿತ್ತು. 1946ರಲ್ಲಿ ಪೇಟೆಂಟಿಗೆ ಹಾಕಿದ ಆ ಸ್ಕೂಟರಿಗೆ ಬೇರೆ ಚೌಕಟ್ಟೇ ಇಲ್ಲ, ವಿಮಾನದ ಹಾಗೆ ತಗಡೇ ಭಾರ ಹೊರುತ್ತೆ. ಚೇತಕ್ ಅದೇ ವಂಶದ್ದು. ಕಾಲಿಡುವ ಜಾಗದ ತಗಡು ತುಕ್ಕು ಹಿಡಿದ್ರೆ ಅಂದಗೆಡೋದು ದೊಡ್ಡ ಮಾತಲ್ಲ, ಗಾಡಿಯ ಬೆನ್ನೆಲುಬೇ ಸವೀತಿದೆ ಅಂತ ಅರ್ಥ. ಡ್ರಿಲ್ ಮಾಡಿದ ಅಂಚಿಗೆ ಬಣ್ಣ ಇರಲ್ಲ, ನೀರು ಅಲ್ಲಿಂದಲೇ ಒಳಗೆ ಇಳಿಯುತ್ತೆ. ನಮ್ಮ ಕಡೆ ಮಳೆಯೂ ಕಮ್ಮಿ ಇಲ್ಲ.

ಇದೆಲ್ಲ ಗೊತ್ತಾಗೋಕೆ ಮುಂಚೆ ನಾನೊಂದು ದಡ್ಡತನ ಮಾಡಿದ್ದೆ. ಗಾಡಿನ ಬೆಂಗಳೂರಿಗೆ ತರಿಸಿ ಒಂದು ಗ್ಯಾರೇಜಿಗೆ ಕೊಟ್ಟೆ. ಮೂರೇ ದಿನಕ್ಕೆ ತಿಳಿನೀಲಿ ಬಣ್ಣ ಫಳಫಳ ಅಂತಿತ್ತು, ತೂತು ಒಂದೂ ಕಾಣಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಬಣ್ಣ ಗುಳ್ಳೆ ಎದ್ದಿತು. ಬೆರಳಲ್ಲಿ ಒತ್ತಿದರೆ ಪುಟ್ಟಿ ಬಿಲ್ಲೆಯಂತೆ ಕಳಚಿ ಕೈಗೆ ಬಂತು. ಹಿಂದೆ ತಗಡೇ ಇರಲಿಲ್ಲ, ಬರೀ ಜಾಳಿಗೆ ಮೇಲೆ ಪುಟ್ಟಿ ಮೆತ್ತಿದ್ದರು. ಬಗ್ ಹಾಗೇ ಬಿಟ್ಟು ಎರರ್ ಮೆಸೇಜ್ ಮಾತ್ರ ಮರೆಮಾಡೋದು ನಮ್ಮ ಆಫೀಸಿನಲ್ಲೂ ಇದೆ, ಬೈಯೋಕೆ ಬಾಯಿ ಬರಲಿಲ್ಲ.

ತಗಡಿನ ಮೇಲೆ ಲೋಹ ಹತ್ತಿಸೋ ವಿದ್ಯೆ ನಮಗೆ ಹೊಸದಲ್ಲ. ಊರಿಗೆ ಕಲಾಯಿಯವರು ಬರ್ತಿದ್ದದ್ದು ನನಗೆ ನೆನಪಿದೆ. ತಿದಿ ಊದಿ ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಅರಳೆಯಿಂದ ಒರೆಸಿದರೆ ಪಾತ್ರೆ ಬೆಳ್ಳಿಯಂತೆ ಹೊಳೀತಿತ್ತು. ಪಶ್ಚಿಮದ ಕಾರು ಕಾರ್ಖಾನೆಗಳಲ್ಲೂ ಹಿಂದೆ ಹೆಚ್ಚುಕಮ್ಮಿ ಇದೇ ಕೆಲಸ. ಮೊದಲು ಉಕ್ಕಿಗೆ ತವರದ ಕಲಾಯಿ, ಆಮೇಲೆ ಸುಮಾರು 70 ಪಾಲು ಸೀಸ, 30 ಪಾಲು ತವರದ ಮಿಶ್ರಣವನ್ನ ಬೆಣ್ಣೆಯಷ್ಟು ಮೆತ್ತಗೆ ಕಾಯಿಸಿ ಮರದ ಹಲಗೆಯಿಂದ ಸವರುತ್ತಿದ್ದರು. ಅದು ಗಟ್ಟಿ, ತಗಡಿಗೆ ಬೆಸೆದುಕೊಳ್ಳುತ್ತೆ. ಆದ್ರೆ ಕೈ ಪಳಗಬೇಕು, ಸೀಸದ ಧೂಳು ವಿಷ. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಪುಡಿ ಬೆರೆಸಿದ ಪುಟ್ಟಿ ಬಂತು. ಹಾರ್ಡ್‌ನರ್ ಬೆರೆಸಿ ಹಚ್ಚಿದರೆ ನಿಮಿಷಗಳಲ್ಲಿ ಗಟ್ಟಿ. ಅಗ್ಗ, ಸಲೀಸು. ಆದ್ರೆ ಅದು ನೀರು ಹೀರುತ್ತೆ. ತಗ್ಗು ತುಂಬೋಕೆ ಬಂದ ಪುಟ್ಟಿಯನ್ನ ತೂತು ಮುಚ್ಚೋಕೆ ಬಳಸಿದ್ದೇ ತಪ್ಪು.

ಕೊನೆಗೆ ಗಾಡಿ ಬೈಲಹೊಂಗಲದ ಒಬ್ಬ ಹಳೇ ಮಿಸ್ತ್ರಿ ಹತ್ರ ಹೋಯ್ತು. ಬೆರಳಿನಿಂದ ಬಡಿದು ನೋಡಿ ನಕ್ಕರು. “ತಮ್ಮಾ, ಪುಟ್ಟಿ ಅಂದ್ರ ಪೌಡರ್ ಇದ್ದಂಗ. ಮುಖಕ್ಕ ಹಚ್ಚೂದು, ಗಾಯಕ್ಕಲ್ಲ.”

ಮೊದಲು ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಬಿಚ್ಚಿಟ್ಟರು. ತೂತಿನ ಸುತ್ತ ಎರಡೂ ಕಡೆ ಹೊಳೆಯೋ ಉಕ್ಕು ಕಾಣೋವರೆಗೂ ಬಣ್ಣ ಕೆರೆದರು. ತುಕ್ಕು ಹಿಡಿದ ಜಾಗವನ್ನ ಗಟ್ಟಿ ತಗಡು ಸಿಗೋವರೆಗೆ ಕತ್ತರಿಸಿದರು. ಎರಡಿದ್ದ ತೂತು ಅಂಗೈ ಅಗಲದ ಒಂದೇ ಕಿಂಡಿಯಾಯ್ತು, ನನ್ನ ಎದೆ ಧಸಕ್ಕೆಂದಿತು. ಅಷ್ಟೇ ದಪ್ಪದ ಹೊಸ ತಗಡನ್ನ ಅಳತೆಗೆ ಕೊರೆದು ಕೂರಿಸಿ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಿದರು. ಒಂದೇ ಸಮ ಎಳೆದರೆ ಕಾವಿಗೆ ತಗಡು ಸೊಟ್ಟಗಾಗುತ್ತೆ. ಸಣ್ಣ ಡ್ರಿಲ್ ತೂತುಗಳಿಗೆ ಹಿಂದೆ ತಾಮ್ರದ ಪಟ್ಟಿ ಒತ್ತಿಹಿಡಿದು ಮುಂದಿನಿಂದ ವೆಲ್ಡ್ ತುಂಬಿದರು. ತಾಮ್ರ ಬೇಗ ಕಾವು ಎಳೆದುಕೊಳ್ಳೋದರಿಂದ ಉಕ್ಕು ಅದಕ್ಕೆ ಅಂಟಲ್ಲ. ಆಮೇಲೆ ಗ್ರೈಂಡರ್, ಪ್ರೈಮರ್. ಪುಟ್ಟಿ ಕೊನೆಗೆ, ತೆಳ್ಳಗೆ.

ಕೊಕ್ಕೆಯ ಆರು ತೂತಿಗೆ ಬಂದಾಗ ನಾನು ತಡೆದೆ. “ಇವು ಇರ್ಲಿ ಕಾಕಾ, ನಮ್ಮ ಮನಿ ಇತಿಹಾಸ” ಅಂದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಎದ್ದು ಬಂದ.

“ಮುಂಜಾನೆ ನಾಕಕ್ಕ ಎದ್ದು, ಮಳ್ಯಾಗ ತೊಯ್ಸಿಕೊಂತ ಕಿತ್ತೂರಿಗೆ ಹಾಲು ಹಾಕಿ ಬರ್ತಿದ್ದೆ, ನಿನ್ನ ಫೀ ಸಲುವಾಗಿ. ಗಾಡಿ ಕೆಡತೈತಿ ಅಂತ ಗೊತ್ತಿದ್ದೂ ಹೊಡಿಸಿದ್ನಿ. ಅದರಾಗ ನೋಡೂವಂಥಾದ್ದು ಏನೈತಿ? ಮುಚ್ಚಸ್ರಿ.”

ನಾನು ಸುಮ್ಮನಾದೆ. ಬಿಇ ಮುಗಿಸಿ, ಕೈತುಂಬ ಸಂಬಳ ತಗೊಂಡು, ಬಡತನವನ್ನ ಫೋಟೊ ತೆಗೆಯೋ ವಸ್ತು ಮಾಡೋಕೆ ಹೊರಟಿದ್ದವನು ನಾನು. ಅದನ್ನ ಹೊತ್ತವನಿಗೆ ಅದು ಮುಗಿದರೆ ಸಾಕಾಗಿತ್ತು.

ಆರನ್ನೂ ಮುಚ್ಚಿದರು. ಈಗ ಹೊರಗಡೆ ಅಪ್ಪ ಬಯಸಿದಂತೆ ನುಣುಪು. ಒಳಬದಿಗೆ ಕೈ ಹಾಕಿದರೆ ಆರು ಗಂಟು ಬೆರಳಿಗೆ ತಾಗುತ್ತವೆ. ಉಜ್ಜಿದರೆ ಜೋಡಣೆ ತೆಳುವಾಗುತ್ತೆ ಅಂತ ಮಿಸ್ತ್ರಿ ಹಾಗೇ ಬಿಟ್ಟಿದ್ದಾರೆ. ಅಪ್ಪನಿಗೆ ನಾನಿನ್ನೂ ಹೇಳಿಲ್ಲ.